ಗುಂಡಿ ಒತ್ತುವ ಮುನ್ನ

ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಮನೆಗೆ ಬಂದ ದಿನ ಎಲ್ಲರೂ ಛಾಯಾಗ್ರಾಹಕರೇ. ಕೈಪಿಡಿ ಓದುವವರು ಮಾತ್ರ ಯಾರೂ ಇಲ್ಲ. ಅದು ಡಬ್ಬದ ತಳದಲ್ಲೇ ಗರಿಗರಿಯಾಗಿ ಉಳಿಯುತ್ತದೆ. ಹಾಗಾಗಿ ಎಷ್ಟೋ ಮನೆಗಳ ಫೋಟೊಗಳ ಮೂಲೆಯಲ್ಲಿ ಸದಾ ಜನವರಿ 1. ಗೌರಿಹಬ್ಬವೂ ಅಂದೇ, ದೀಪಾವಳಿಯೂ ಅಂದೇ!

1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮೆರಾ ಮೂರೂವರೆ ಕಿಲೋಗೂ ಹೆಚ್ಚು ತೂಗುತ್ತಿತ್ತು. ಒಂದೇ ಒಂದು ಕಪ್ಪುಬಿಳುಪು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಈಗ ಅಷ್ಟು ಹೊತ್ತಿನಲ್ಲಿ ಸೋದರತ್ತೆ ಕಣ್ಣುಮುಚ್ಚಿದ ಹತ್ತು ಫೋಟೊ ಸಿದ್ಧ. 36 ಚಿತ್ರದ ರೀಲಿನ ಕಾಲದಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ ಮಾವನವರೂ "ಇನ್ನೊಂದು ತೆಗಿಯೋ, ದುಡ್ಡೇನು ಹೋಗುತ್ತೆ?" ಅನ್ನುತ್ತಾರೆ.

ಮೊದಲು ಕಲಿಯಬೇಕಾದ ವಿದ್ಯೆ, ಗುಂಡಿಯನ್ನು ಅರ್ಧ ಒತ್ತಿ ತಡೆಯುವುದು. ಫೋಕಸ್ ಕೂತ ಮೇಲೆ ಪೂರ್ತಿ ಒತ್ತಬೇಕು. ಅರ್ಧಕ್ಕೆ ನಿಲ್ಲಿಸುವುದರಲ್ಲಿ ನಾವು ನಿಸ್ಸೀಮರೇ, ಆದರೆ ಇಲ್ಲಿ ಮಾತ್ರ ಬೆರಳು ಕೇಳುವುದಿಲ್ಲ. ಹೂವಿನ ಗುರುತು ತೀರಾ ಹತ್ತಿರದ ವಸ್ತುಗಳಿಗೆ. ಹೂ ಮುಡಿದವರಿಗೆಲ್ಲ ಅಲ್ಲ. ಡಿಜಿಟಲ್ ಝೂಮ್ ಇದ್ದದ್ದನ್ನೇ ಕತ್ತರಿಸಿ ಹಿಗ್ಗಿಸುತ್ತದೆ. ಆಪ್ಟಿಕಲ್ ಝೂಮ್ ಮುಗಿದಲ್ಲಿಂದ ಮುಂದಕ್ಕೆ ಕಾಲಿಗೆ ಕೆಲಸ ಕೊಡಿ. ಪುಟ್ಟ ಫ್ಲಾಶ್‌ನ ಬೆಳಕು ಕೆಲವೇ ಮೀಟರ್ ಹೋಗುತ್ತದೆ. ಯಕ್ಷಗಾನದ ಕೊನೆಸಾಲಿನಿಂದ ಮಿಂಚಿಸಿದರೆ ಬೆಳಗುವುದು ಮುಂದೆ ಕೂತವರ ಬೋಳುತಲೆ, ರಂಗದ ಮೇಲಿನ ಕೀಚಕನಲ್ಲ.

ಇಷ್ಟು ಕಲಿತರೆ ನೀವೇ ಮನೆತನದ ಅಧಿಕೃತ ಛಾಯಾಗ್ರಾಹಕರು. ತೊಂದರೆ ಒಂದೇ: ಇನ್ನು ಮೇಲೆ ಯಾವ ಫೋಟೊದಲ್ಲೂ ನೀವಿರುವುದಿಲ್ಲ. ಅದಕ್ಕೂ ಸೆಲ್ಫ್ ಟೈಮರ್ ಇದೆ. 10 ಸೆಕೆಂಡಿನೊಳಗೆ ಪಂಚೆ ಎತ್ತಿಕೊಂಡು ಓಡಿ, ಮಕ್ಕಳನ್ನು ದಾಟಿ, ಏದುಸಿರು ಅಡಗಿಸಿ ನಗಬೇಕು, ಅಷ್ಟೇ!