ಯೆಜ್ಡಿ ಸಾಕುವವರ ಸಂಸಾರ

ಹಳೇ ಯೆಜ್ಡಿ ಬೈಕು ಮನೆಗೆ ಬಂತೆಂದರೆ ಮೊದಲು ಕಾಣೆಯಾಗುವುದು ಸ್ಪ್ಯಾನರು, ಆಮೇಲೆ ಅಡುಗೆಮನೆಯ ಮಸಿಬಟ್ಟೆ, ಕೊನೆಗೆ ಭಾನುವಾರ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅದರ ಕೂಸುಗಳು ಮಾತ್ರ ಊರೂರಲ್ಲಿ ಹೊಗೆ ಬಿಡುತ್ತಾ ಗಟ್ಟಿಮುಟ್ಟಾಗಿವೆ. 250 ಸಿಸಿಯ ಒಂದೇ ಸಿಲಿಂಡರು, ಸೈಲೆನ್ಸರು ಎರಡು: ದುಡಿಯುವವನೊಬ್ಬ, ಸದ್ದು ಮಾಡುವವರಿಬ್ಬರು! ಸ್ಟಾರ್ಟ್ ಆದಮೇಲೆ ಕಿಕ್ಕರೇ ಮುಂದಕ್ಕೆ ತಿರುಗಿ ಗೇರ್ ಆಗುತ್ತದೆ. ಈ ಗುಟ್ಟು ತಿಳಿಯದ ಕಳ್ಳನಿಗೆ ತಳ್ಳಿಕೊಂಡು ಹೋಗುವುದೇ ಗತಿ.

ಗಾಡಿ ಮುನಿಸಿಕೊಂಡರೆ ಮೊದಲ ಅನುಮಾನ ಇಗ್ನಿಷನ್ ಪಾಯಿಂಟಿನ ಮೇಲೆ. ಮುಚ್ಚಳ ಬಿಚ್ಚಿ, ಎಮರಿ ಪೇಪರಿನಲ್ಲಿ ಮೆಲ್ಲಗೆ ತಿಕ್ಕಿ, ಸಂದು ಸುಮಾರು 0.4 ಮಿ.ಮೀ. ಇಡಬೇಕು. ಫೀಲರ್ ಗೇಜ್ ಇಲ್ಲದ ಹಳಬರು ದಪ್ಪನೆಯ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುತ್ತಾರೆ. ನಮ್ಮನೆಯಲ್ಲಿ ವಿಮೆ ಏಜೆಂಟರ ಕಾರ್ಡು ಉಪಯೋಗಕ್ಕೆ ಬಂದದ್ದು ಹೀಗೆ.

ಟೂ ಸ್ಟ್ರೋಕ್ ಎಂಜಿನ್ನು ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುವುದರಿಂದ ಸೈಲೆನ್ಸರಿನೊಳಗೆ ಕರಿ ಕಟ್ಟುತ್ತದೆ. ಒಳಗಿನ ಕೊಳವೆ ಎಳೆದು, ತಂತಿ ಬ್ರಷ್ಷಿನಿಂದ ಕೆರೆದರೆ ಉಸಿರಾಟ ಸರಾಗ. ಇದನ್ನು ಹಿತ್ತಲಲ್ಲೇ ಮಾಡಿ. ಬಚ್ಚಲಿಗೆ ತಂದಿರೋ, ಅಂದು ರಾತ್ರಿ ಗಾಡಿಯ ಪಕ್ಕ ನಿಮಗೂ ಹಾಸಿಗೆ.

ಬಣ್ಣ, ಕ್ರೋಮಿಯಂ ಎಲ್ಲ ಆಮೇಲಿನ ಮಾತು. ಕೊಳ್ಳುವ ಮೊದಲು ಆರ್‌ಸಿಯಲ್ಲಿರುವ ಎಂಜಿನ್, ಚಾಸಿ ನಂಬರುಗಳನ್ನು ಗಾಡಿಯ ಮೇಲಿನವುಗಳ ಜೊತೆ ತಾಳೆ ನೋಡಿಬಿಡಿ. ಪಾಯಿಂಟನ್ನು ತಿಕ್ಕಬಹುದು, ಆರ್‌ಟಿಓ ಕಡತವನ್ನು ಯಾವ ಎಮರಿ ಪೇಪರೂ ತಿಕ್ಕುವುದಿಲ್ಲ.