ಜೇಬಿನಲ್ಲಿ ಗ್ರಾನೈಟು

ಹಳೇ ಅಡುಗೆಮನೆ ಒಡೆಸಿ ಹೊಸದು ಮಾಡಿಸಲು ಹೊರಟ ರಿಟೈರ್ಡ್ ಮೇಷ್ಟ್ರನ್ನು ಬಂಡ್ರಿಯಂಥ ಊರಲ್ಲಿ ಅಂಗಿ ಜೇಬು ನೋಡಿಯೇ ಗುರುತು ಹಿಡಿಯಬಹುದು. ಜೇಬು ಜೋತುಬಿದ್ದಿರುತ್ತದೆ. ಒಳಗೆ ಹೊಸಪೇಟೆಯ ಅಂಗಡಿಗಳಿಂದ ಬೇಡಿ ತಂದ ಕಲ್ಲಿನ ಚೂರುಗಳು, ಜೊತೆಗೊಂದು ನಿಂಬೆಹಣ್ಣು. ಚಹಾದಂಗಡಿಯಲ್ಲಿ ಪಕ್ಕ ಕೂತವರು ಮಳೆ-ಬೆಳೆ ಮಾತು ತೆಗೆಯುವಷ್ಟರಲ್ಲಿ ಚೂರುಗಳು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತವೆ.

"ಇದು ಇಳಕಲ್ಲಿನ ಕೆಂಪು. ಇದು ಚಾಮರಾಜನಗರದ ಕಪ್ಪು. ಈ ಮಿಣಿಮಿಣಿ ಚುಕ್ಕಿದು ಆಂಧ್ರದ ಚೀಮಕುರ್ತಿದು, ಗ್ಯಾಲಕ್ಸಿ ಅಂತಾರ. ಹೇಳ್ರಿ, ಗ್ಯಾಸ್ ಕಟ್ಟಿಗೆ ಯಾವುದು?"

ಕಪ್ಪು ಎಂದರೆ "ಕತ್ತಲಾಗ್ತೈತಿ". ಕೆಂಪು ಎಂದರೆ "ಬ್ಯಾಂಕಿನ ಮೆಟ್ಲು ಕಂಡಂಗ ಕಾಣ್ತೈತಿ". ಯಾವ ಉತ್ತರಕ್ಕೂ ಪೂರ್ತಿ ಮಾರ್ಕು ಕೊಡದ ಅಭ್ಯಾಸ ಪಿಂಚಣಿಯ ಜೊತೆಗೇ ಬಂದದ್ದು.

ನಿಂಬೆಹಣ್ಣಿನ ಕೆಲಸ ಇರುವುದು ಅಂಗಡಿಯಲ್ಲಿ. ಮಾಲೀಕ ಕುರ್ಚಿ ಎಳೆದು ಕೊಡುವುದರೊಳಗೆ ಬಿಳಿ ಮಾರ್ಬಲ್ ಮೇಲೆ ರಸ ಬಿದ್ದಿರುತ್ತದೆ. ಆಮೇಲೆ ಪಾಠ: ಮಾರ್ಬಲ್ ಎಂದರೆ ಸುಣ್ಣದ ಕಲ್ಲು, ಹುಳಿ ತಾಗಿದಲ್ಲಿ ಹೊಳಪು ಹೋಗುತ್ತದೆ, ಕಡಪ ಕಲ್ಲೂ ಅದೇ ಸುಣ್ಣದ ಕುಲ, ಗ್ರಾನೈಟಿಗೆ ಹುಣಸೆಹುಳಿ ಏನೂ ಮಾಡದು, ಆದರೆ ತಿಳಿ ಬಣ್ಣದ್ದಾದರೆ ಎಣ್ಣೆ ಕುಡಿದು ಕಲೆ ಉಳಿಸಿಕೊಳ್ಳುತ್ತದೆ. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಕಷ್ಟ ಇರುವುದೇ ಅಲ್ಲಿ. ತಪ್ಪು ಹೇಳುವವರನ್ನಾದರೆ ಎಬ್ಬಿಸಿ ಕಳಿಸಬಹುದಿತ್ತು.

ಬೆಂಗಳೂರಿನ ಮಗಳ ಮನೆಯಲ್ಲಿ ಬಿಳಿ ಕ್ವಾರ್ಟ್ಜ್ ಕಟ್ಟೆ. ಮೇಷ್ಟ್ರು ಮೂರು ದಿನಕ್ಕೆ ಹೋದವರು ಅದನ್ನು ಮುಟ್ಟಿ ಮುಟ್ಟಿ ನೋಡಿ, ಅದು ಗಣಿಯಿಂದ ಬಂದ ಹಾಗೇ ಇರುವ ಕಲ್ಲಲ್ಲ, ಕಲ್ಲಿನ ಪುಡಿಗೆ ರಾಳ ಕಲಸಿ ಒತ್ತಿದ್ದು, ಒಲೆಯಿಂದ ಇಳಿಸಿದ ಬಾಣಲೆ ನೇರ ಇಟ್ಟರೆ ಸುಟ್ಟ ಗುರುತು ಬೀಳುತ್ತದೆ ಎಂದು ಅಳಿಯನಿಗೆ ತಿಳಿಸಿಬಂದರು. ಕೊಯ್ಯುವಾಗ ಏಳುವ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶ ತಿನ್ನುತ್ತದೆಂದು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿದ್ದನ್ನೂ ಸೇರಿಸಿದರು. ಊರಿಗೆ ಮರಳಿ ಇದನ್ನೇ ಕಲ್ಲು ಕೊಯ್ಯುವ ಹುಡುಗನಿಗೆ ಹೇಳಿದಾಗ ಅವನು ಮೂಗಿಗೆ ಕಟ್ಟಿದ ಟವೆಲ್ ಸರಿಸಿ, "ಗ್ರಾನೈಟ್ ಏನ್ ಹಿಟ್ಟು ಉದುರಿಸ್ತೈತಾ ಸಾರ್? ಅದೂ ಧೂಳೇ" ಅಂದ. ಅವತ್ತೊಂದು ದಿನ ಮೇಷ್ಟ್ರು ಪ್ರಶ್ನೆ ಕೇಳಲಿಲ್ಲ.

ಹಂಪಿಯನ್ನೂ ಬಿಡಲಿಲ್ಲ. ಅಲ್ಲಿ ಕಲ್ಲಿನ ಕಾಲುವೆಯ ಎರಡೂ ಬದಿ ಊಟದ ತಟ್ಟೆಗಳನ್ನು ಕಲ್ಲಲ್ಲೇ ಕೆತ್ತಿಟ್ಟಿದ್ದಾರೆ. ಅನ್ನಕ್ಕೊಂದು ಗುಳಿ, ಪಲ್ಯಕ್ಕೊಂದು ಗುಳಿ. ಅದರ ಮುಂದೆ ಕೂತು ಕೈಯಿಂದ ಸವರಿ ಹೆಂಡತಿಗೆ ಅಂದರು, "ನೋಡು, ವಿಜಯನಗರದ ಕಾಲದ್ದು, ಒಂದು ಕಲೆ ಐತಾ?"

"1565ರಿಂದ ಇಲ್ಲಿ ಯಾರೂ ಒಗ್ಗರಣಿ ಹಾಕಿಲ್ರಿ," ಅಂದರು ಆಕೆ.

ಮೇಷ್ಟ್ರಮ್ಮ ಮೊದಲ ದಿನವೇ ಹೇಳಿದ್ದು ಕರಿಕಲ್ಲು. ಅರಿಸಿನದ ಕಲೆ ಕಾಣದು, ಸಂಡೂರಿನ ಕೆಂಪು ಧೂಳು ಕೂತರೆ ತಕ್ಷಣ ಕಂಡು ಒರೆಸಬಹುದು, ಮೇಲೇ ಜೋಳದ ರೊಟ್ಟಿ ಬಡಿಯಬಹುದು. ಕಾರಣಗಳನ್ನು ಯಾರೂ ಕೇಳಿರಲಿಲ್ಲ. ಆರು ತಿಂಗಳಾದ ಮೇಲೆ ಮೇಷ್ಟ್ರು ಸ್ವಂತ ಸಂಶೋಧನೆಯಿಂದ ಕರಿಕಲ್ಲು ಕಂಡುಹಿಡಿದರು. 18 ಎಂ.ಎಂ. ದಪ್ಪ, ಅಂಚಿಗೆ ರೌಂಡ್ ಮೋಲ್ಡಿಂಗ್, ರೊಟ್ಟಿ ಬಡಿಯುವ ಜಾಗದಲ್ಲಿ ಜಾಯಿಂಟ್ ಬರಬಾರದು: ಎಲ್ಲ ಚೊಕ್ಕ. ಎತ್ತರವನ್ನೂ ಅವರೇ ನಿಂತು ತೋರಿಸಿದರು. ಅವರು ಆರಡಿ ಆಳು. ಮೇಸ್ತ್ರಿ ಅಷ್ಟಕ್ಕೇ ಗುರುತು ಹಾಕಿದ. ಐದಡಿ ಇಲ್ಲದ ಮೇಷ್ಟ್ರಮ್ಮ ಈಗ ಹಲಗೆ ಮೇಲೆ ಹತ್ತಿ ರೊಟ್ಟಿ ಬಡಿಯುತ್ತಾರೆ. ಬಂದವರಿಗೆಲ್ಲ ಮೇಷ್ಟ್ರು ಕಲ್ಲು ತೋರಿಸುತ್ತಾರೆ. ಹಲಗೆಯನ್ನು ಕಾಲಿನಿಂದ ಒಳಕ್ಕೆ ತಳ್ಳಿರುತ್ತಾರೆ.

ಕಟ್ಟೆ ಕಟ್ಟಿಸುವುದಿದ್ದರೆ ಕಲ್ಲಿನ ವಿಷಯ ಮೇಷ್ಟ್ರನ್ನೇ ಕೇಳಿ, ಸಂಜೆ ಬಿಡುವಿದ್ದರೆ ಮಾತ್ರ. ಎತ್ತರಕ್ಕೆ ಅಡುಗೆ ಮಾಡುವವರನ್ನು ನಿಲ್ಲಿಸಿ, ಅವರ ಮೊಣಕೈಗಿಂತ ನಾಲ್ಕಾರು ಇಂಚು ಕೆಳಗೆ ಗುರುತು ಹಾಕಿಸಿ.