ದೂರವಿದ್ದಷ್ಟೂ ಗಟ್ಟಿ ದನಿ

ರಾಜಕೀಯ ಅಭಿಪ್ರಾಯವನ್ನು ಕೆಲವರು ಬಾಯಿಬಿಟ್ಟು ಹೇಳುವುದೂ ಕೆಲವರು ನುಂಗಿಕೊಳ್ಳುವುದೂ ಏಕೆಂಬುದನ್ನು ಜರ್ಮನಿಯ ಎಲಿಸಾಬೆತ್ ನೋಯೆಲ್-ನಾಯ್‌ಮನ್ 1974ರಲ್ಲಿ ‘ಮೌನದ ಸುರುಳಿ’ ಎಂಬ ಸಿದ್ಧಾಂತದಿಂದ ವಿವರಿಸಿದರು. ತನ್ನ ನಿಲುವಿನವರು ಕಡಿಮೆಯೆಂದು ಭಾವಿಸಿದವನು ಒಂಟಿಯಾಗುವ ಭಯಕ್ಕೆ ಸುಮ್ಮನಾಗುತ್ತಾನೆ, ಅವನು ಸುಮ್ಮನಾದದ್ದರಿಂದ ಆ ನಿಲುವಿನವರು ಇನ್ನಷ್ಟು ಕಡಿಮೆಯೆಂದು ತೋರಿ ಮತ್ತೊಬ್ಬನೂ ಸುಮ್ಮನಾಗುತ್ತಾನೆ ಎಂಬುದು ಅದರ ತಿರುಳು. ಆಕೆ ಸಿಯಾಟಲ್ ಬಳಿಯ ರೆಡ್ಮಂಡ್ ಅಥವಾ ಬೆಲ್‌ವ್ಯೂನ ಕನ್ನಡಿಗರ ಪಾಟ್‌ಲಕ್ಕಿಗೆ, ಅಂದರೆ ಮನೆಗೊಂದು ಅಡುಗೆ ಮಾಡಿ ತಂದು ಹಂಚಿ ಉಣ್ಣುವ ಕೂಟಕ್ಕೆ, ಬಂದಿದ್ದರೆ ಸಿದ್ಧಾಂತಕ್ಕೆ ಒಂದು ಅನುಬಂಧ ಸೇರಿಸಬೇಕಾಗುತ್ತಿತ್ತು. ಬಿಸಿಬೇಳೆಬಾತ್ ಮುಗಿಯುವತನಕ ವಿಧಾನಸೌಧದ ಕುರ್ಚಿ ಯಾರಿಗೆ ಸಲ್ಲಬೇಕೆಂದು ಗುಡುಗುತ್ತಿದ್ದ ಮಹನೀಯನೇ, ಮೊಸರನ್ನದ ಹೊತ್ತಿಗೆ ಯಾರಾದರೂ ಶ್ವೇತಭವನದ ಮಾತೆತ್ತಿದರೆ, ಉಪ್ಪಿನಕಾಯಿ ಯಾರ ಮನೆಯದೆಂದು ವಿಚಾರಿಸತೊಡಗುತ್ತಾನೆ.

ಇದನ್ನು ಪುಕ್ಕಲುತನವೆಂದು ತಳ್ಳಿಹಾಕುವುದು ಅನ್ಯಾಯ. ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದವನು ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ದಾರಿ ಹುಡುಕಿಕೊಳ್ಳಬೇಕು; ಕಾಯಂ ವಾಸದ ಪರವಾನಗಿಯಾದ ಗ್ರೀನ್ ಕಾರ್ಡೋ, ಒಂದೇ ದೇಶದವರಿಗೆ ವರ್ಷಕ್ಕೆ ಶೇ. 7ರ ಮಿತಿಯಿರುವುದರಿಂದ, ಭಾರತೀಯರನ್ನು ದಶಕಗಟ್ಟಲೆ ಕಾಯಿಸುತ್ತದೆ. ಅಂಥ ಸರತಿಯಲ್ಲಿ ನಿಂತವನಿಗೆ ಅಭಿಪ್ರಾಯ ಇಲ್ಲವೆಂದಲ್ಲ, ಅದೂ ಅವನ ಹಿಂದೆಯೇ ಸರತಿಯಲ್ಲಿ ನಿಂತಿರುತ್ತದೆ.

ಪೌರತ್ವ ದೊರೆತ ಮೇಲಾದರೂ ನಾಲಗೆ ಸಡಿಲವಾಗಬೇಕಿತ್ತು. ಆದರೆ ವಾಷಿಂಗ್ಟನ್ ರಾಜ್ಯದಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ, ಮತ್ತು ಅಧ್ಯಕ್ಷೀಯ ಪ್ರೈಮರಿಯಲ್ಲಿ, ಎಂದರೆ ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ ಪೂರ್ವಭಾವಿ ಚುನಾವಣೆಯಲ್ಲಿ, ಮತದಾರ ತಾನು ಡೆಮಾಕ್ರಟಿಕ್ ಪಕ್ಷದವನೋ ರಿಪಬ್ಲಿಕನ್ ಪಕ್ಷದವನೋ ಎಂಬುದನ್ನು ಲಕೋಟೆಯ ಹೊರಮೈಮೇಲೆಯೇ ಗುರುತು ಹಾಕಿ ಸಹಿ ಮಾಡಬೇಕು. ಮತ ಗುಟ್ಟು, ಪಕ್ಷ ಬಯಲು! ಸ್ವಂತ ಭಾವಮೈದುನನಿಗೂ ಬಿಟ್ಟುಕೊಡದ ಒಲವನ್ನು ಹೀಗೆ ಅಂಚೆಯವನ ಕೈಗಿಡಬೇಕಾಗಿ ಬಂದ ದಂಪತಿಗಳ ಅಡುಗೆಮನೆಯಲ್ಲಿ, “ರೀ, ಈ ಕವರನ್ನ ಇನ್ನೊಂದು ಕವರಿನೊಳಗೆ ಹಾಕೋಕಾಗಲ್ವಾ?” ಎಂಬ ಪ್ರಶ್ನೆ ಏಳುವುದು ಸಹಜವೇ.

ದೂರವಿದ್ದಷ್ಟೂ ದನಿ ಗಟ್ಟಿ, ಹತ್ತಿರವಾದಷ್ಟೂ ಮೆಲುದನಿ ಎಂಬ ಈ ಸೂತ್ರದ ನಿಜವಾದ ಪರೀಕ್ಷೆ ನಡೆದದ್ದು 2023ರ ಫೆಬ್ರವರಿ 21ರಂದು, ಆಗಿನ ಪರಿಷತ್ ಸದಸ್ಯೆ ಕ್ಷಮಾ ಸಾವಂತ್ ಮಂಡಿಸಿದ ಜಾತಿ ತಾರತಮ್ಯ ನಿಷೇಧದ ಮಸೂದೆಯನ್ನು ಸಿಯಾಟಲ್ ನಗರ ಪರಿಷತ್ತು 6–1 ಮತಗಳಿಂದ ಅಂಗೀಕರಿಸಿ, ಅಂಥ ಕಾನೂನು ತಂದ ಅಮೆರಿಕದ ಮೊದಲ ನಗರವಾದಾಗ. ಪರಿಷತ್ತಿನ ಎದುರು ಪರವಾಗಿಯೂ ವಿರೋಧವಾಗಿಯೂ ಜನ ನಿಂತು ಮಾತಾಡಿದರು. ಊಟದ ಕೂಟಗಳಲ್ಲಿ ಮಾತ್ರ ಮಳೆಯ ವಿಚಾರ, ಸಿಯಾಟಲ್ಲಿನಲ್ಲಿ ಎಂದೂ ಬತ್ತದ ವಿಷಯ, ವಿಶೇಷ ಕಳೆ ಪಡೆಯಿತು. ವೀಸಾಕ್ಕೂ ಈ ಮೌನಕ್ಕೂ ಸಂಬಂಧವಿಲ್ಲ. ಉಳಿದ ವಿಷಯಗಳಲ್ಲಿ ಬಾಯಿಬಿಟ್ಟರೆ ಅಭಿಪ್ರಾಯವಷ್ಟೇ ಹೊರಬೀಳುತ್ತದೆ. ಇಲ್ಲಿ ಅದರ ಜೊತೆಗೆ ಹೇಳಿದವನ ಜಾತಿಯನ್ನೂ ಎದುರಿನವರು ಊಹಿಸಿಬಿಡುತ್ತಾರೆ. ಅದು ತಿಳಿದರೆ ಒಬ್ಬನಿಗೆ ಬರೀ ಮುಜುಗರ, ಇನ್ನೊಬ್ಬನಿಗೆ ಮುಂದಿನ ಕೂಟದ ಆಮಂತ್ರಣವೇ ಅನುಮಾನ. ಎರಡನ್ನೂ ಒಂದೇ ಮೌನವೆಂದು ಎಣಿಸುವುದು ಶಾಸ್ತ್ರೀಯವಲ್ಲ.

ಅಲ್ಲಿಯೇ ಹುಟ್ಟಿದ ಮಕ್ಕಳಿಗೆ ಈ ಲೆಕ್ಕಾಚಾರ ತಿಳಿಯದಾದ್ದರಿಂದ, ತುಂಬಿದ ಕೂಟದಲ್ಲಿ “ಅಪ್ಪಾ, ನಾವು ಆ ಕಾನೂನಿನ ಪರವಾ, ವಿರುದ್ಧವಾ?” ಎಂದು ಕೇಳಿಬಿಡುತ್ತಾರೆ, ಅಂಥ ಸಂದರ್ಭಗಳಲ್ಲಿ ಮಗುವಿನ ಬಾಯಿಗೆ ಇನ್ನೊಂದು ತುಂಡು ಹೋಳಿಗೆ ಇಡುವುದು ವಾಡಿಕೆ.